ಎಳೆಯರ ಪಾಠದಲ್ಲಿ ಗಣಕಯಂತ್ರದ ಸ್ಥಾನ

ಒಂದನೆಯ, ಎರಡನೆಯ ತರಗತಿಯ ಮಕ್ಕಳಿಗೆ ಗಣಕಯಂತ್ರದ ಮೂಲಕ ಅಕ್ಷರ ಮತ್ತು ಅಂಕಿಗಳನ್ನು ಕಲಿಸುವ ವಿಚಾರವು ತೀರ ಈಚಿನದೆಂದು ಅನೇಕರು ಭಾವಿಸಿದ್ದಾರೆ. ವಾಸ್ತವವಾಗಿ ಅದಕ್ಕೆ ಸುಮಾರು ಅರುವತ್ತು ವರ್ಷಗಳ ಇತಿಹಾಸವಿದೆ. ಶಾಲೆಯೊಂದಕ್ಕೆ ಗಣಕಯಂತ್ರದ ಕೊಠಡಿಯನ್ನು ಕಟ್ಟಿಸಿಕೊಡುವುದು ಇಂದು ದಾನಿಗಳಿಗೆ ಮೆಚ್ಚಿನ ಸತ್ಕಾರ್ಯವಾಗಿದೆ. ಉದ್ಘಾಟನೆಯ ಶಿಲಾಫಲಕವು ಯಂತ್ರಗಳಿಗಿಂತ ಮೊದಲೇ ಸಿದ್ಧವಾಗುವುದೂ ಉಂಟು. ಆದರೆ ಆ ಕೊಠಡಿಯೊಳಗೆ ಆರು ವರ್ಷದ ಮಗುವು ಏನು ಮಾಡಬೇಕು, ಅದು ಅಲ್ಲಿರುವಷ್ಟು ಹೊತ್ತು ಅದಕ್ಕೆ ಯಾವ ಪಾಠವು ತಪ್ಪುತ್ತದೆ, ಅದು ಹೊರಗೆ ಬಂದ ಮೇಲೆ ಅದರ ಉಪಾಧ್ಯಾಯರಿಗೆ ಹೊಸದಾಗಿ ಏನು ತಿಳಿದಿರುತ್ತದೆ ಎಂದು ಕೇಳುವವರು ವಿರಳ. ಈ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲ ಪ್ರಯೋಗಗಳು ಪರದೇಶಗಳಲ್ಲಿಯೂ ನಮ್ಮ ದೇಶದಲ್ಲಿಯೂ ಸಾಕಷ್ಟು ನಡೆದಿವೆ. ಕೆಲವು ಉತ್ತರಗಳು ಹಿತಕರವಾಗಿಲ್ಲ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಪ್ಯಾಟ್ರಿಕ್ ಸೂಪೀಸ್ ಎಂಬ ವಿದ್ವಾಂಸರು 1966ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಬಹಳ ದೊಡ್ಡ ಮಾತೊಂದನ್ನು ಆಡಿದರು. ಮ್ಯಾಸಿಡೋನಿಯದ ಅರಸನಾದ ಫಿಲಿಪ್ಪನು ತನ್ನ ಮಗ ಅಲೆಗ್ಸಾಂಡರನಿಗೆ ಅರಿಸ್ಟಾಟಲನಂಥ ಗುರುವನ್ನು ಗೊತ್ತುಮಾಡಿದ್ದನಷ್ಟೆ. ಅಂಥ ಗುರುವಿನ ಪ್ರತ್ಯೇಕ ಗಮನವು ಗಣಕಯಂತ್ರದ ದೆಸೆಯಿಂದ ಲಕ್ಷಾಂತರ ಸಾಮಾನ್ಯ ಮಕ್ಕಳಿಗೂ ಕೆಲವೇ ವರ್ಷಗಳಲ್ಲಿ ಲಭಿಸುವುದೆಂಬುದು ಅವರ ಭವಿಷ್ಯವಾಣಿಯಾಗಿತ್ತು. ಅವರು ಕೇವಲ ಮಾತನಾಡಿ ಕುಳಿತವರಲ್ಲ. 1966-67ನೆಯ ಶಾಲಾವರ್ಷದಲ್ಲಿ ಅವರೂ ಅವರ ಸಹೋದ್ಯೋಗಿ ರಿಚರ್ಡ್ ಆಟ್ಕಿನ್ಸನ್ ಅವರೂ ಸೇರಿ ಕ್ಯಾಲಿಫೋರ್ನಿಯದ ಈಸ್ಟ್ ಪಾಲೊ ಆಲ್ಟೊ ಎಂಬ ಊರಿನ ಬ್ರೆಂಟ್‌ವುಡ್ ಶಾಲೆಯಲ್ಲಿ ಒಂದನೆಯ ತರಗತಿಯ ಮಕ್ಕಳನ್ನೇ ಯಂತ್ರದ ಮುಂದೆ ಕೂರಿಸಿದರು. ಕೆಲವು ಮಕ್ಕಳಿಗೆ ಓದು, ಉಳಿದವರಿಗೆ ಗಣಿತ. ಪ್ರತಿಯೊಂದು ಮಗುವಿನ ಮುಂದೆಯೂ ಒಂದು ಪರದೆ, ಚಿತ್ರ ತೋರಿಸುವ ಮತ್ತೊಂದು ಸಾಧನ, ಪರದೆಗೆ ಮುಟ್ಟಿಸಿ ಉತ್ತರವನ್ನು ಸೂಚಿಸುವ ಬೆಳಕಿನ ಲೇಖನಿ, ಕಿವಿಗೆ ಧ್ವನಿಯಂತ್ರ ಇವು ಇದ್ದವು. ಓದಲು ಬಾರದ ಮಗುವಿಗೆ ಬರಹದ ಸೂಚನೆಯು ನಿಷ್ಪ್ರಯೋಜಕ, ಯಂತ್ರವು ಮಾತನಾಡಿಯೇ ಪಾಠ ಹೇಳಬೇಕೆಂಬ ತಿಳಿವಳಿಕೆಯು ಅಂದೇ ಅವರಿಗಿತ್ತು. ಇಂದಿನ ಎಷ್ಟೋ ಕ್ರಮವಿಧಿಗಳಲ್ಲಿ ಅಷ್ಟೂ ತಿಳಿವಳಿಕೆ ಇಲ್ಲ.

ಆ ವರ್ಷದ ಕೊನೆಯಲ್ಲಿ ಕಂಡುಬಂದ ಒಂದು ಸಂಗತಿಯು ಪ್ರತಿಯೊಬ್ಬ ಪ್ರಾಥಮಿಕ ಉಪಾಧ್ಯಾಯರೂ ಗಮನಿಸತಕ್ಕದ್ದಾಗಿದೆ. ಓದಿನ ಪಾಠದಲ್ಲಿ ಎಲ್ಲರಿಗಿಂತ ವೇಗವಾಗಿ ಸಾಗಿದ ಮಗುವಿಗೂ ಎಲ್ಲರಿಗಿಂತ ನಿಧಾನವಾಗಿ ಸಾಗಿದ ಮಗುವಿಗೂ ನಡುವೆ ನಾಲ್ಕು ಸಾವಿರಕ್ಕೂ ಹೆಚ್ಚು ಅಭ್ಯಾಸಗಳ ಅಂತರವಿತ್ತು. ಒಂದೇ ಕೊಠಡಿ, ಒಂದೇ ವಯಸ್ಸು, ಒಂದೇ ವರ್ಷ. ಕರಿಹಲಗೆಯ ಮುಂದೆ ನಿಂತು ನಲವತ್ತು ಮಕ್ಕಳಿಗೆ ಒಟ್ಟಾಗಿ ಪಾಠ ಹೇಳುವವರು ಈ ಅಂತರವನ್ನು ಅನುಭವದಿಂದ ಬಲ್ಲರು. ಅದನ್ನು ಹೀಗೆ ಎಣಿಸಿ ತೋರಿಸಿದ್ದು ಯಂತ್ರ. ಸಾಮಾನ್ಯ ತರಗತಿಗಳಲ್ಲಿ ಓದಿನಲ್ಲಿ ಹುಡುಗಿಯರಿಗಿಂತ ಹಿಂದೆ ಬೀಳುತ್ತಿದ್ದ ಹುಡುಗರು ಇಲ್ಲಿ ಅವರಷ್ಟೇ ವೇಗವಾಗಿ ಮುನ್ನಡೆದರೆಂಬುದೂ ದಾಖಲಾಗಿದೆ.

ಈ ಬಗೆಯ ಕ್ರಮವಿಧಿಯ ಒಳಗುಟ್ಟು ಸರಳವಾದುದು. ಯಂತ್ರವು ಒಂದು ಪ್ರಶ್ನೆಯನ್ನು ಕೇಳುತ್ತದೆ, ಮಗು ಉತ್ತರಿಸುತ್ತದೆ, ಸರಿ ಅಥವಾ ತಪ್ಪೆಂದು ಕೂಡಲೇ ತಿಳಿಸಲಾಗುತ್ತದೆ. ಕೆಲವು ಉತ್ತರಗಳು ಸಾಲಾಗಿ ಸರಿಯಾದರೆ ಮುಂದಿನ ಪ್ರಶ್ನೆಗಳು ತುಸು ಕಠಿಣವಾಗುತ್ತವೆ, ತಪ್ಪಿದರೆ ಸುಲಭವಾಗುತ್ತವೆ. ನಮ್ಮ ಹಿರಿಯರ ಶಾಲೆಗಳಲ್ಲಿ ಸಂಜೆಯ ಹೊತ್ತು ಮಕ್ಕಳನ್ನು ಸಾಲಾಗಿ ಕೂರಿಸಿ ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದ ಕ್ರಮಕ್ಕೂ ಇದಕ್ಕೂ ತಾತ್ವಿಕವಾಗಿ ಹೆಚ್ಚಿನ ಭೇದವಿಲ್ಲ. ಭೇದವಿರುವುದು ಎರಡು ಅಂಶಗಳಲ್ಲಿ: ಯಂತ್ರಕ್ಕೆ ಬೇಸರವಾಗುವುದಿಲ್ಲ, ಮತ್ತು ಅದು ಪ್ರತಿಯೊಂದು ಮಗುವಿನ ಸರದಿಯನ್ನೂ ಒಂದೇ ಹೊತ್ತಿಗೆ ನಡೆಸಬಲ್ಲುದು. ಏಳನ್ನು ಎಂಟರಿಂದ ಗುಣಿಸಿದರೆ ಎಷ್ಟೆಂದು ನೂರನೆಯ ಸಲ ಕೇಳುವಾಗಲೂ ಅದರ ದನಿ ಏರುವುದಿಲ್ಲ. ಹೆದರುವ ಮಗುವಿಗೆ ಇದು ಸಣ್ಣ ಉಪಕಾರವಲ್ಲ.

ಆದರೆ ಇಂಥ ಅಭ್ಯಾಸದ ಲಾಭವು ಎಲ್ಲ ಕಡೆಯೂ ಒಂದೇ ತೆರನಾಗಿರಲಿಲ್ಲ. ಸೂಪೀಸ್ ಅವರೂ ಮೋನಾ ಮಾರ್ನಿಂಗ್‌ಸ್ಟಾರ್ ಅವರೂ 1969ರಲ್ಲಿ ಪ್ರಕಟಿಸಿದ ಅಂಕಿಅಂಶಗಳ ಪ್ರಕಾರ ಮಿಸಿಸಿಪ್ಪಿ ರಾಜ್ಯದ ಮ್ಯಾಕೋಂಬ್ ಎಂಬ ಊರಿನಲ್ಲಿ ಒಂದರಿಂದ ಆರರವರೆಗಿನ ಎಲ್ಲ ತರಗತಿಗಳ ಮಕ್ಕಳೂ ಯಂತ್ರಾಭ್ಯಾಸದಿಂದ ಗಣಿತದಲ್ಲಿ ಮುಂದೆ ಬಂದರು. ಕ್ಯಾಲಿಫೋರ್ನಿಯದಲ್ಲಿ ಕೆಲವು ತರಗತಿಗಳಲ್ಲಿ ಮಾತ್ರ ಅಂಥ ಲಾಭ ಕಂಡಿತು. ಕಾರಣವನ್ನು ಹುಡುಕಿದಾಗ, ಹೋಲಿಕೆಗಾಗಿ ಆರಿಸಿಕೊಂಡಿದ್ದ ಕ್ಯಾಲಿಫೋರ್ನಿಯದ ಶಾಲೆಯೊಂದರಲ್ಲಿ ಉಪಾಧ್ಯಾಯರು ತಾವಾಗಿಯೇ ಪ್ರತಿದಿನವೂ ಹೆಚ್ಚಿನ ಲೆಕ್ಕಗಳನ್ನು ಮಾಡಿಸುತ್ತಿದ್ದರೆಂದು ತಿಳಿದುಬಂದಿತು. ಒಳ್ಳೆಯ ಅಭ್ಯಾಸವು ಆಗಲೇ ನಡೆಯುತ್ತಿದ್ದಲ್ಲಿ ಯಂತ್ರಕ್ಕೆ ಕೂಡಿಸಲು ಉಳಿದದ್ದು ಸ್ವಲ್ಪ. ಅಭ್ಯಾಸವು ಇಲ್ಲದಲ್ಲಿ ಅದು ಕೂಡಿಸಿದ್ದು ಬಹಳ. ಈ ಒಂದು ಸಂಗತಿಯು ಮುಂದಿನ ಪ್ರಯೋಗಗಳಲ್ಲಿ ಮತ್ತೆ ಮತ್ತೆ ತಲೆಯೆತ್ತುವುದನ್ನು ಕಾಣಬಹುದು.

ಅಭ್ಯಾಸದ ಕ್ರಮವಿಧಿಗೆ ಒಂದು ಹುಟ್ಟುಕುರುಡು ಇದೆ. ಎರಡನೆಯ ಅಥವಾ ಮೂರನೆಯ ತರಗತಿಯ ಮಗುವೊಂದು 52ರಿಂದ 17ನ್ನು ಕಳೆದು 45 ಎಂದು ಬರೆಯುತ್ತದೆ. ಆಮೇಲೆ 64ರಿಂದ 38ನ್ನು ಕಳೆದು 34 ಎನ್ನುತ್ತದೆ. ಯಂತ್ರವು ಎರಡನ್ನೂ ತಪ್ಪೆಂದು ಹೇಳಿ, ಇನ್ನೊಮ್ಮೆ ಪ್ರಯತ್ನಿಸೆಂದು ಉತ್ತೇಜಿಸಿ, ಬಹುಶಃ ಒಂದು ಅಳುವ ಮುಖದ ಚಿತ್ರವನ್ನೂ ತೋರಿಸುತ್ತದೆ. ಮಗು ಮಾತ್ರ ಅಜಾಗರೂಕತೆಯಿಂದ ತಪ್ಪಿಲ್ಲ. ಅದು ಮೇಲೆ ಕೆಳಗೆ ನೋಡದೆ ಪ್ರತಿ ಸ್ಥಾನದಲ್ಲಿಯೂ ದೊಡ್ಡ ಅಂಕಿಯಿಂದ ಚಿಕ್ಕ ಅಂಕಿಯನ್ನು ಕಳೆಯುತ್ತಿದೆ: ಏಳರಲ್ಲಿ ಎರಡು ಹೋದರೆ ಐದು, ಐದರಲ್ಲಿ ಒಂದು ಹೋದರೆ ನಾಲ್ಕು. ಅದು ತಾನೇ ಕಟ್ಟಿಕೊಂಡ ಒಂದು ನಿಯಮವನ್ನು ನಿಷ್ಠೆಯಿಂದ ಪಾಲಿಸುತ್ತಿದೆ. ಹತ್ತು ಲೆಕ್ಕಗಳ ಬದಲು ನೂರು ಲೆಕ್ಕಗಳನ್ನು ಕೊಟ್ಟರೆ ಆ ನಿಯಮವು ಇನ್ನಷ್ಟು ಗಟ್ಟಿಯಾಗುತ್ತದೆ.

ಈ ವಿಷಯವನ್ನು ಗಂಭೀರವಾಗಿ ತೆಗೆದುಕೊಂಡವರು ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್. ಅವರು 1978ರಲ್ಲಿ ವಿವರಿಸಿದ 'ಬಗ್ಗಿ' ಎಂಬ ಕ್ರಮವಿಧಿಯಲ್ಲಿ ಪಾತ್ರಗಳು ತಿರುಗುಮುರುಗಾಗಿದ್ದವು. ಅಲ್ಲಿ ತಪ್ಪು ಲೆಕ್ಕ ಮಾಡುವ ವಿದ್ಯಾರ್ಥಿಯ ಪಾತ್ರವನ್ನು ಯಂತ್ರವು ವಹಿಸುತ್ತಿತ್ತು. ಅದರ ಉತ್ತರಗಳನ್ನು ನೋಡಿ, ಅದು ಅನುಸರಿಸುತ್ತಿರುವ ತಪ್ಪು ನಿಯಮ ಯಾವುದೆಂದು ಕಂಡುಹಿಡಿಯುವ ಕೆಲಸ ಉಪಾಧ್ಯಾಯರದು. ಬೋಧಕರ ತರಬೇತಿಗೆ ಇಷ್ಟು ಉಪಯುಕ್ತವಾದ ಆಟವನ್ನು ನಮ್ಮ ಶಿಕ್ಷಕ ತರಬೇತಿ ಸಂಸ್ಥೆಗಳು ಕಾಗದದ ಮೇಲೆಯೇ ಆಡಿಸಬಹುದಾಗಿದೆ. ಗಣಕಯಂತ್ರವು ಬೇಕಾಗಿಯೇ ಇಲ್ಲ.

ಇದೇ ಕಾಲದಲ್ಲಿ ಇನ್ನೊಂದು ಪಂಥವು ಬೆಳೆಯುತ್ತಿತ್ತು. ಯಂತ್ರವು ಮಗುವನ್ನು ಪ್ರಶ್ನೆ ಕೇಳುವುದರ ಬದಲು ಮಗುವೇ ಯಂತ್ರಕ್ಕೆ ಆಜ್ಞೆ ಮಾಡಬೇಕೆಂಬುದು ಈ ಪಂಥದ ಮತ. ಇದರ ಪ್ರವರ್ತಕರಲ್ಲಿ ಪ್ರಮುಖರಾದ ಸೀಮರ್ ಪೇಪರ್ಟ್ ಅವರು ಗಣಿತಜ್ಞರು. ಜಿನೀವಾದಲ್ಲಿ ಶಿಶುಮನಶ್ಶಾಸ್ತ್ರದ ಮಹಾಪಂಡಿತರಾದ ಜ್ಯಾನ್ ಪಿಯಾಜೆ ಅವರೊಂದಿಗೆ ಕೆಲವು ವರ್ಷ ಕೆಲಸ ಮಾಡಿದವರು. ಅವರೂ ವಾಲಿ ಫ್ಯೂರ್‌ಜೈಗ್, ಸಿಂಥಿಯಾ ಸಾಲೊಮನ್ ಮೊದಲಾದವರೂ ಸೇರಿ 1967ರಲ್ಲಿ 'ಲೋಗೊ' ಎಂಬ ಸರಳವಾದ ಯಂತ್ರಭಾಷೆಯನ್ನು ಮಕ್ಕಳಿಗಾಗಿಯೇ ರಚಿಸಿದರು. ಸ್ವಲ್ಪ ಕಾಲದಲ್ಲಿಯೇ ಅದಕ್ಕೊಂದು 'ಆಮೆ' ಸೇರಿಕೊಂಡಿತು. ನೆಲದ ಮೇಲೆ ಹರಿದಾಡುವ ಪುಟ್ಟ ಗಾಡಿಯಂಥ ಈ ಆಮೆಯ ಹೊಟ್ಟೆಯಲ್ಲಿ ಒಂದು ಲೇಖನಿ. ಮುಂದೆ ನೂರು ಹೆಜ್ಜೆ ಹೋಗು, ಬಲಕ್ಕೆ ತೊಂಬತ್ತು ಅಂಶ ತಿರುಗು ಎಂದು ನಾಲ್ಕು ಸಲ ಹೇಳಿದರೆ ಕಾಗದದ ಮೇಲೆ ಚೌಕ ಮೂಡುತ್ತದೆ. ಮುಂದೆ ಆಮೆಯು ನೆಲದಿಂದ ಪರದೆಯ ಮೇಲಕ್ಕೆ ಏರಿತು. ಮಗುವಿಗೆ ಅನುಮಾನ ಬಂದರೆ ತಾನೇ ಆಮೆಯಾಗಿ ಅಂಗಳದಲ್ಲಿ ನಡೆದು ನೋಡಬಹುದು. ಇಲ್ಲಿ ತಪ್ಪಿಗೆ ಅಳುವ ಮುಖವಿಲ್ಲ. ಚೌಕವಾಗಬೇಕಾದದ್ದು ವಕ್ರವಾಗಿ ಕಾಣುತ್ತದೆ, ಎಲ್ಲಿ ತಪ್ಪಿತೆಂದು ಮಗುವೇ ಹಿಂದಿರುಗಿ ಹುಡುಕುತ್ತದೆ.

ಓದುಬರಹ ಬಾರದ ಮಕ್ಕಳಿಗೆ ಈ ಆಮೆಯನ್ನು ಒಪ್ಪಿಸುವುದು ಹೇಗೆಂಬ ಸಮಸ್ಯೆಯನ್ನು ಮ್ಯಾಸಚೂಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿ ವಿದ್ಯಾರ್ಥಿನಿಯಾಗಿದ್ದ ರೇಡಿಯಾ ಪರ್ಲ್‌ಮನ್ ಅವರು 1970ರ ದಶಕದ ನಡುವಿನಲ್ಲಿ ಬಹಳ ಚೆಲುವಾಗಿ ಬಿಡಿಸಿದರು. ಅವರು ಕೀಲಿಮಣೆಯನ್ನೇ ತೆಗೆದುಹಾಕಿದರು. ಮೊದಲು ಕೊಟ್ಟದ್ದು ಕೆಲವೇ ಗುಂಡಿಗಳುಳ್ಳ ಒಂದು ಪೆಟ್ಟಿಗೆ. ಒಂದು ಗುಂಡಿ ಒತ್ತಿದರೆ ಆಮೆ ಮುಂದೆ ಹೋಗುತ್ತದೆ, ಇನ್ನೊಂದನ್ನು ಒತ್ತಿದರೆ ತಿರುಗುತ್ತದೆ, ಮತ್ತೊಂದನ್ನು ಒತ್ತಿದರೆ ಕೂಗುತ್ತದೆ. ಆಮೇಲೆ ಮಾಡಿದ್ದು ಸೀಳುಗಳುಳ್ಳ ಪೆಟ್ಟಿಗೆ. ಒಂದೊಂದು ಆಜ್ಞೆಗೆ ಒಂದೊಂದು ಚಿತ್ರದ ಪ್ಲಾಸ್ಟಿಕ್ ಪಟ್ಟಿಕೆ. ಅವುಗಳನ್ನು ಸೀಳುಗಳಲ್ಲಿ ಸಾಲಾಗಿ ಸಿಕ್ಕಿಸಿ ದೊಡ್ಡ ಗುಂಡಿಯನ್ನು ಒತ್ತಿದರೆ ಆಜ್ಞೆಗಳು ಒಂದಾದ ಮೇಲೊಂದು ನಡೆಯುತ್ತವೆ, ಈಗ ಯಾವ ಆಜ್ಞೆ ನಡೆಯುತ್ತಿದೆಯೆಂದು ದೀಪವು ತೋರಿಸುತ್ತದೆ. ನಾಲ್ಕೈದು ವರ್ಷದ ಮಗುವಿಗೆ 'ಮೊದಲು' ಮತ್ತು 'ಅನಂತರ' ಎಂಬ ಕಠಿಣವಾದ ಪಾಠವು ಕೈಗೆ ಸಿಕ್ಕುವ ವಸ್ತುವಾಯಿತು. ಇವರೇ ಮುಂದೆ ಗಣಕಜಾಲಗಳ ರಚನೆಯಲ್ಲಿ ಜಗತ್ಪ್ರಸಿದ್ಧರಾದವರೆಂದು ಪ್ರಾಸಂಗಿಕವಾಗಿ ಹೇಳಬಹುದು. 2014ರಲ್ಲಿ ಐದರಿಂದ ಏಳು ವರ್ಷದವರಿಗಾಗಿ ಹೊರಬಂದ 'ಸ್ಕ್ರ್ಯಾಚ್ ಜೂನಿಯರ್' ಎಂಬ ಕ್ರಮವಿಧಿಯಲ್ಲಿ ಚಿತ್ರದ ಪಟ್ಟಿಕೆಗಳನ್ನು ಬೆರಳಿನಿಂದ ಜೋಡಿಸಿ ಬೆಕ್ಕನ್ನು ನಡೆಸುವಾಗ ಮಕ್ಕಳು ಮಾಡುವುದು ಬಹುಮಟ್ಟಿಗೆ ಇದೇ ಕೆಲಸ.

ಪೇಪರ್ಟ್ ಅವರ ಅನುಯಾಯಿಗಳು ಆಮೆಯಿಂದ ಅತಿಯಾದದ್ದನ್ನು ನಿರೀಕ್ಷಿಸಿದರು. ಆಜ್ಞೆಗಳನ್ನು ಜೋಡಿಸಲು ಕಲಿತ ಮಗುವಿಗೆ ಯಾವ ಕೆಲಸವನ್ನಾದರೂ ಯೋಜಿಸಿ ಮಾಡುವ ಬುದ್ಧಿಯು ತಾನಾಗಿ ಬರುವುದೆಂದು ಅವರು ನಂಬಿದ್ದರು. ನ್ಯೂಯಾರ್ಕಿನ ಬ್ಯಾಂಕ್ ಸ್ಟ್ರೀಟ್ ಕಾಲೇಜಿನ ರಾಯ್ ಪೀ ಮತ್ತು ಮಿಡಿಯನ್ ಕರ್ಲಂಡ್ ಅವರು 1984ರ ಸುಮಾರಿಗೆ ಇದನ್ನು ಪರೀಕ್ಷಿಸಿದಾಗ ಲೋಗೊ ಕಲಿತ ಮಕ್ಕಳು ಬೇರೆ ಕೆಲಸಗಳ ಯೋಜನೆಯಲ್ಲಿ ಉಳಿದವರಿಗಿಂತ ಮೇಲಾಗಿ ಕಾಣಲಿಲ್ಲ. ಅದೇ ವರ್ಷ ಡಗ್ಲಸ್ ಕ್ಲೆಮೆಂಟ್ಸ್ ಮತ್ತು ಡೊಮಿನಿಕ್ ಗಲ್ಲೊ ಎಂಬ ಇಬ್ಬರು ಒಂದನೆಯ ತರಗತಿಯ ಕೇವಲ 18 ಮಕ್ಕಳಲ್ಲಿ ನಡೆಸಿದ ಅಧ್ಯಯನದಲ್ಲಿ, ಲೋಗೊ ಕಲಿತವರು ತಮ್ಮ ಆಲೋಚನೆಯನ್ನು ತಾವೇ ಗಮನಿಸಿಕೊಳ್ಳುವುದರಲ್ಲಿ ಮುಂದಾಗಿದ್ದರು. ಹದಿನೆಂಟು ಮಕ್ಕಳಿಂದ ಲೋಕವನ್ನೇ ತೀರ್ಮಾನಿಸಲಾಗದು. ಆದರೆ ಈ ಅಧ್ಯಯನದಲ್ಲಿ ಪ್ರತಿ ಎರಡು ಮೂರು ಮಕ್ಕಳ ಬಳಿ ವಯಸ್ಕರೊಬ್ಬರು ಇದ್ದು ಕೇಳುತ್ತ, ಉತ್ತೇಜಿಸುತ್ತ ಇದ್ದರೆಂಬುದನ್ನು ಮರೆಯಬಾರದು. ಆಮೆಯೊಂದಿಗೆ ಮಗುವನ್ನು ಬಿಟ್ಟು ಹೋಗುವುದಕ್ಕೂ, ಆಮೆಯ ಪಕ್ಕದಲ್ಲಿ ಗುರುವೂ ಕೂರುವುದಕ್ಕೂ ಭೇದವಿದೆ.

ನಮ್ಮ ದೇಶದ ಕಡೆಗೆ ತಿರುಗಿದರೆ, ಶಾಲಾ ಗಣಕಯಂತ್ರಗಳು ಮೊದಲು ಬಂದದ್ದು ದೊಡ್ಡ ಮಕ್ಕಳಿಗಾಗಿ. 1984-85ರಲ್ಲಿ ಕೇಂದ್ರ ಸರ್ಕಾರವು 'ಕ್ಲಾಸ್' ಎಂಬ ಯೋಜನೆಯಲ್ಲಿ ಬ್ರಿಟನ್ನಿನ ಬಿ.ಬಿ.ಸಿ. ಮೈಕ್ರೊ ಯಂತ್ರಗಳನ್ನು ಆಯ್ದ ಪ್ರೌಢಶಾಲೆಗಳಿಗೆ ಹಂಚಿತು. ಎಳೆಯರ ಸರದಿ ಬರಲು ಇನ್ನೂ ಹದಿನೈದು ವರ್ಷ ಬೇಕಾಯಿತು. 2000ದಲ್ಲಿ ಗುಜರಾತ್ ಸರ್ಕಾರವು ವಡೋದರ ನಗರದ ಬಹುಪಾಲು ಪೌರಸಭೆಯ ಪ್ರಾಥಮಿಕ ಶಾಲೆಗಳಿಗೆ ನಾಲ್ಕು ನಾಲ್ಕು ಗಣಕಯಂತ್ರಗಳನ್ನು ಕೊಟ್ಟಿತು. 2002ರಲ್ಲಿ 'ಪ್ರಥಮ್' ಎಂಬ ಸ್ವಯಂಸೇವಾ ಸಂಸ್ಥೆಯು ಹೋಗಿ ನೋಡಿದಾಗ ಅವುಗಳಲ್ಲಿ ಮಕ್ಕಳ ಉಪಯೋಗಕ್ಕೆ ಬರುತ್ತಿದ್ದವು ಅತ್ಯಲ್ಪ. ಎರಡು ವರ್ಷ ಯಂತ್ರಗಳು ಹೀಗೆ ನಿಂತದ್ದು ದಾನ ಕೊಡುವವರೂ ಪಡೆಯುವವರೂ ಗಮನಿಸತಕ್ಕ ಸಂಗತಿ.

ಆ ಸಂಸ್ಥೆಯು ನಾಲ್ಕನೆಯ ತರಗತಿಯ ಮಕ್ಕಳಿಗೆ ಗಣಿತದ ಆಟಗಳನ್ನು ಅಳವಡಿಸಿ, ವಾರಕ್ಕೆ ಎರಡು ಗಂಟೆಯಂತೆ, ಒಂದು ಯಂತ್ರಕ್ಕೆ ಇಬ್ಬರು ಮಕ್ಕಳನ್ನು ಕೂರಿಸಿತು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮೊದಲಾದ ಅರ್ಥಶಾಸ್ತ್ರಜ್ಞರು ಇದರ ಫಲವನ್ನು ಅಳೆದು 2007ರಲ್ಲಿ ಪ್ರಕಟಿಸಿದರು. ಇವರಿಬ್ಬರಿಗೂ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಬಂದುದು ಸರ್ವವಿದಿತ. ಎರಡನೆಯ ವರ್ಷದ ಕೊನೆಗೆ ಈ ಮಕ್ಕಳು ಗಣಿತದಲ್ಲಿ ಉಳಿದವರಿಗಿಂತ 0.47 ಮಾನಕ ವಿಚಲನೆಯಷ್ಟು ಮುಂದಿದ್ದರು. ಶಿಕ್ಷಣದ ಪ್ರಯೋಗಗಳಲ್ಲಿ ಇದು ದೊಡ್ಡ ಅಂತರ. ಕಾರ್ಯಕ್ರಮವು ನಿಂತು ಒಂದು ವರ್ಷವಾದ ಮೇಲೆ ಅಳೆದಾಗ ಅದರಲ್ಲಿ ಬಹುಪಾಲು ಕರಗಿ, ಸುಮಾರು 0.1ರಷ್ಟು ಮಾತ್ರ ಉಳಿದಿತ್ತು. ಮಗ್ಗಿಯನ್ನು ಬಿಟ್ಟರೆ ಮಗ್ಗಿ ಮರೆಯುತ್ತದೆಂಬುದು ಹಳೆಯ ಉಪಾಧ್ಯಾಯರಿಗೆ ಹೊಸ ವಿಷಯವಲ್ಲ.

ಇದಕ್ಕಿಂತ ಬೋಧಪ್ರದವಾದ ಪ್ರಯೋಗವು ಅದೇ ಗುಜರಾತಿನ 'ಜ್ಞಾನಶಾಲಾ' ಎಂಬ ಸಂಸ್ಥೆಯ ಶಾಲೆಗಳಲ್ಲಿ ನಡೆಯಿತು. ಇವು ಬಡಮಕ್ಕಳಿಗಾಗಿ ನಡೆಯುವ, ಪಾಠದ ಪ್ರತಿಯೊಂದು ಹೆಜ್ಜೆಯನ್ನೂ ಚೆನ್ನಾಗಿ ಯೋಜಿಸಿದ ಶಾಲೆಗಳು. ಎರಡನೆಯ ಮತ್ತು ಮೂರನೆಯ ತರಗತಿಯ ಮಕ್ಕಳಿಗೆ ಒಂದೇ ಗಣಿತದ ಕ್ರಮವಿಧಿಯನ್ನು ಎರಡು ವಿಧದಲ್ಲಿ ಕೊಡಲಾಯಿತು. ಕೆಲವು ಕಡೆ ಶಾಲೆಯ ವೇಳೆಯಲ್ಲಿಯೇ, ಪಾಠದ ಸಮಯವನ್ನು ತೆಗೆದು ಅದರ ಬದಲಿಗೆ. ಇನ್ನು ಕೆಲವು ಕಡೆ ಶಾಲೆಯ ವೇಳೆಗೆ ಹೊರತಾಗಿ, ಪಾಠದ ಜೊತೆಗೆ. ಲೀ ಲಿಂಡನ್ ಅವರು 2008ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಪಾಠದ ಬದಲಿಗೆ ಯಂತ್ರವನ್ನು ಪಡೆದ ಮಕ್ಕಳು ಯಂತ್ರವನ್ನೇ ಕಾಣದ ಮಕ್ಕಳಿಗಿಂತಲೂ 0.57 ಮಾನಕ ವಿಚಲನೆಯಷ್ಟು ಹಿಂದೆ ಬಿದ್ದರು. ಪಾಠದ ಜೊತೆಗೆ ಪಡೆದವರು 0.28ರಷ್ಟು ಮುಂದೆ ಬಂದರು. ಅವರಲ್ಲಿಯೂ ಹೆಚ್ಚು ಲಾಭವಾದದ್ದು ಕಲಿಕೆಯಲ್ಲಿ ಹಿಂದಿದ್ದವರಿಗೆ. ಯಂತ್ರವೂ ಒಂದೇ, ಕ್ರಮವಿಧಿಯೂ ಒಂದೇ. ವ್ಯತ್ಯಾಸವಿದ್ದದ್ದು ವೇಳಾಪಟ್ಟಿಯಲ್ಲಿ. ಮ್ಯಾಕೋಂಬಿನ ಮಕ್ಕಳಿಗೆ 1960ರ ದಶಕದಲ್ಲಿ ಆದದ್ದನ್ನೂ ಇದನ್ನೂ ಒಟ್ಟಿಗೆ ಇರಿಸಿ ನೋಡಿದರೆ, ಒಳ್ಳೆಯ ಉಪಾಧ್ಯಾಯರ ಸಮಯವನ್ನು ಯಂತ್ರಕ್ಕೆ ಕೊಡುವುದು ನಷ್ಟದ ವ್ಯಾಪಾರವೆಂಬುದು ಸ್ಪಷ್ಟವಾಗುತ್ತದೆ. ಅಮೆರಿಕ ಸರ್ಕಾರವೇ ನಡೆಸಿ 2007ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ ಒಂದನೆಯ ತರಗತಿಯ ಓದಿನ ಕ್ರಮವಿಧಿಗಳಿಂದ ಗಣನೀಯವಾದ ಲಾಭವೇನೂ ಕಾಣದೆ ಹೋದದ್ದೂ, ಪೆರು ದೇಶದಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಅಗ್ಗದ ಯಂತ್ರಗಳನ್ನು ಹೇರಳವಾಗಿ ಹಂಚಿದರೂ ಭಾಷೆ ಗಣಿತಗಳಲ್ಲಿ ಪ್ರಗತಿ ಕಾಣಲಿಲ್ಲವೆಂದು 2012ರಲ್ಲಿ ವರದಿಯಾದದ್ದೂ ಈ ಮಾತಿಗೆ ಪೋಷಕವಾಗಿವೆ.

ಕರ್ನಾಟಕದಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ಈ ಶತಮಾನದ ಮೊದಲ ದಶಕದಲ್ಲಿ ರಾಜ್ಯ ಸರ್ಕಾರದೊಡನೆ ಸೇರಿ ಸರ್ಕಾರಿ ಶಾಲೆಗಳಿಗಾಗಿ ಪಠ್ಯಾಧಾರಿತ ಕ್ರಮವಿಧಿಗಳನ್ನು ಕನ್ನಡದಲ್ಲಿ ತಯಾರಿಸಿತು. ಮಕ್ಕಳು ಉತ್ಸಾಹದಿಂದ ಬಂದರು. ಆದರೆ ಉಪಾಧ್ಯಾಯರೂ ಶಾಲೆಯ ಒಟ್ಟು ವ್ಯವಸ್ಥೆಯೂ ಸುಧಾರಿಸದೆ ಯಂತ್ರದಿಂದಾಗುವುದು ಸ್ವಲ್ಪವೇ ಎಂಬ ನಿಲುವಿಗೆ ಪ್ರತಿಷ್ಠಾನವು ಬಂದು, ತನ್ನ ಗಮನವನ್ನು ಉಪಾಧ್ಯಾಯರ ಕಡೆಗೆ ತಿರುಗಿಸಿತು. ಹಣ ತೊಡಗಿಸಿದವರೇ ಹೀಗೆ ಬಹಿರಂಗವಾಗಿ ಮಿತಿಯನ್ನು ಹೇಳುವುದು ಅಪರೂಪ.

ಕನ್ನಡದ ಮಕ್ಕಳ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. ಅಂಗಡಿಯಲ್ಲಿ ದೊರೆಯುವ ಓದಿನ ಕ್ರಮವಿಧಿಗಳ ಮೂಲವಿರುವುದು ಇಂಗ್ಲಿಷಿನಲ್ಲಿ. ಇಂಗ್ಲಿಷ್ ಮಗುವಿನ ಕಷ್ಟವು ಅಕ್ಷರಗಳ ಸಂಖ್ಯೆಯಲ್ಲಿಲ್ಲ. ಅಲ್ಲಿ ಅಕ್ಷರಗಳು ಇಪ್ಪತ್ತಾರೇ, ಆದರೆ ಒಂದೇ ಅಕ್ಷರಕ್ಕೆ ಹಲವು ಉಚ್ಚಾರಗಳು. ಜಾನ್ ಹೆನ್ರಿ ಮಾರ್ಟಿನ್ ಎಂಬ ಶಿಕ್ಷಣಾಧಿಕಾರಿಗಳು ರೂಪಿಸಿ ಐ.ಬಿ.ಎಂ. ಸಂಸ್ಥೆಯು 1980ರ ದಶಕದಲ್ಲಿ ಪ್ರಚಾರಕ್ಕೆ ತಂದ 'ರೈಟಿಂಗ್ ಟು ರೀಡ್' ಎಂಬ ಯೋಜನೆಯು ಈ ಕಷ್ಟಕ್ಕೇ ಗುರಿಯಿಟ್ಟದ್ದು. ಅದರಲ್ಲಿ ಮಕ್ಕಳು ಇಂಗ್ಲಿಷಿನ 42 ಧ್ವನಿಗಳನ್ನು ಕಲಿತು, ಕಾಗುಣಿತದ ಚಿಂತೆಯಿಲ್ಲದೆ ಕಿವಿಗೆ ಕೇಳಿದಂತೆ ಬರೆಯುತ್ತಿದ್ದರು. 1990ರಲ್ಲಿ ರಾಬರ್ಟ್ ಸ್ಲಾವಿನ್ ಅವರು ಅದರ ಬಗೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಒಂದನೆಯ ತರಗತಿಯ ಓದಿನಲ್ಲಿ ಹೇಳಿಕೊಳ್ಳುವಂಥ ಲಾಭ ಕಂಡುಬರಲಿಲ್ಲ.

ನಮ್ಮ ಮಗುವಿನ ಕಷ್ಟವು ಬೇರೆ ಜಾತಿಯದು. ಕನ್ನಡದಲ್ಲಿ ಬರೆದಂತೆ ಓದಬಹುದು. ಆ ಭಾಗ್ಯ ನಮಗಿದೆ. ಆದರೆ ವರ್ಣಮಾಲೆಯ 49 ಅಕ್ಷರಗಳಿಂದ ಪಾಠ ಮುಗಿಯುವುದಿಲ್ಲ, ಅಲ್ಲಿಂದ ಮೊದಲಾಗುತ್ತದೆ. ಮೂವತ್ತನಾಲ್ಕು ವ್ಯಂಜನಗಳಿಗೆ ಕಾಗುಣಿತದ ಚಿಹ್ನೆಗಳು ಸೇರಿ ನೂರಾರು ರೂಪಗಳಾಗುತ್ತವೆ, ಒತ್ತಕ್ಷರಗಳು ಅವುಗಳ ಮೇಲೆ. ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಕನ್ನಡ ಓದುವ ಮಕ್ಕಳಲ್ಲಿ ಅಕ್ಷರಜ್ಞಾನದ ಬೆಳವಣಿಗೆಯು ಒಂದನೆಯ ತರಗತಿಯಲ್ಲಿ ಮುಗಿಯದೆ ಮೂರು ನಾಲ್ಕನೆಯ ತರಗತಿಗಳವರೆಗೂ ಸಾಗುವುದನ್ನು ತೋರಿಸಿತು. ಹೀಗಿರುವಾಗ ಅಕ್ಷರಕ್ಕೊಂದು ಚಿತ್ರ ತೋರಿಸಿ, ಹಾಡೊಂದನ್ನು ನುಡಿಸಿ ಮುಗಿಸುವ ಕನ್ನಡ ಕ್ರಮವಿಧಿಯು ಇಂಗ್ಲಿಷ್ ಭಿತ್ತಿಪಟದ ಅನುವಾದ ಮಾತ್ರ. ಮೂರನೆಯ ತರಗತಿಯಲ್ಲಿ ಒತ್ತಕ್ಷರಕ್ಕೆ ಎಡವಿ ನಿಂತ ಮಗುವಿಗೆ ಅದರಿಂದ ಯಾವ ಸಹಾಯವೂ ಇಲ್ಲ.

ಇಲ್ಲಿ ಫಿನ್ಲೆಂಡಿನ ಉದಾಹರಣೆಯು ಹೆಚ್ಚು ಹತ್ತಿರದ್ದು. ಅವರ ಭಾಷೆಯೂ ಬರೆದಂತೆ ಓದುವಂಥದು. ಯೂವಾಸ್ಕುಲ ವಿಶ್ವವಿದ್ಯಾಲಯದ ಹೈಕ್ಕಿ ಲ್ಯೂಟಿನೆನ್ ಅವರ ಬಳಗವು ರಚಿಸಿದ 'ಗ್ರಾಫೋಗೇಮ್' ಎಂಬ ಆಟದಲ್ಲಿ ಮಗುವು ಒಂದು ಧ್ವನಿಯನ್ನು ಕೇಳಿ, ಪರದೆಯ ಮೇಲಿನಿಂದ ಇಳಿದುಬರುವ ಹಲವು ಅಕ್ಷರಗಳಲ್ಲಿ ಅದಕ್ಕೆ ತಕ್ಕುದನ್ನು ಹಿಡಿಯಬೇಕು. ಹತ್ತರಲ್ಲಿ ಸುಮಾರು ಎಂಟು ಉತ್ತರಗಳು ಸರಿಯಾಗುವಂತೆ ಆಟವು ತನ್ನನ್ನು ತಾನೇ ಸರಿಹೊಂದಿಸಿಕೊಳ್ಳುತ್ತದೆ, ಮತ್ತು ಯಾವ ಅಕ್ಷರವನ್ನು ಯಾವುದೆಂದು ತಪ್ಪಾಗಿ ತಿಳಿಯಲಾಯಿತೆಂಬುದನ್ನು ಬರೆದಿಡುತ್ತದೆ. ಕನ್ನಡಕ್ಕೆ ಇಂಥದೊಂದನ್ನು ಮಾಡುವವರು ಪ, ಷ, ಫಗಳನ್ನೂ ವ, ಮಗಳನ್ನೂ ದ, ಧಗಳನ್ನೂ ಒಟ್ಟಿಗೆ ಇಳಿಸಬೇಕು. ಕಿ ಮತ್ತು ಕೀ, ಕೊ ಮತ್ತು ಕೋಗಳನ್ನು ಕಿವಿಯಿಂದ ಬೇರ್ಪಡಿಸಲು ಕೇಳಬೇಕು. ಸಾಮಾನ್ಯ ಒತ್ತಕ್ಷರದ ಪಕ್ಕದಲ್ಲಿ ಅರ್ಕಾವತ್ತನ್ನು ಇರಿಸಬೇಕು. ಇವು ತರಗತಿಯ ನೋಟುಪುಸ್ತಕಗಳನ್ನು ತಿದ್ದುವ ಉಪಾಧ್ಯಾಯರಿಗೆ ಗೊತ್ತಿರುವ ತಪ್ಪುಗಳು. ಕ್ರಮವಿಧಿ ಬರೆಯುವ ತಂತ್ರಜ್ಞರಿಗೆ ಅವರು ಹೇಳದ ಹೊರತು ತಿಳಿಯುವುದಿಲ್ಲ.

ಕೈಯಲ್ಲೇ ಇರುವ ಒಂದು ಸಾಧನವನ್ನೂ ಹೆಸರಿಸಬೇಕು. ಕೆ.ಪಿ. ರಾವ್ ಅವರು ರೂಪಿಸಿದ, 'ನುಡಿ' ತಂತ್ರಾಂಶದ ಮೂಲಕ ಪರಿಚಿತವಾಗಿರುವ ಕನ್ನಡ ಕೀಲಿಮಣೆಯ ವಿನ್ಯಾಸದಲ್ಲಿ ಪ್ರತಿಯೊಂದು ಗುಣಿತಾಕ್ಷರವೂ ಮಗುವಿನ ಕಣ್ಣೆದುರಿಗೇ ಹುಟ್ಟುತ್ತದೆ. ಮೊದಲು ಕಕಾರದ ಕೀಲಿ, ಅದರ ಬೆನ್ನಿಗೆ ಇಕಾರದ ಕೀಲಿ. ಕ ಎಂಬುದು ಕಿ ಆಗಿ ಮಾರ್ಪಡುತ್ತದೆ. ಎರಡು ಕಕಾರಗಳ ನಡುವೆ ಜೋಡಿಸುವ ಕೀಲಿಯೊಂದನ್ನು ಒತ್ತಿದರೆ ಎರಡನೆಯ ಕಕಾರವು ಕೆಳಗಿಳಿದು ಒತ್ತಾಗುತ್ತದೆ. ಕಪ್ಪುಹಲಗೆಯ ಮೇಲೆ ಸಿದ್ಧರೂಪವಾಗಿ ಮಾತ್ರ ಕಾಣುವ ಒತ್ತಕ್ಷರವನ್ನು ಇಲ್ಲಿ ಮಗುವೇ ಕಟ್ಟುತ್ತದೆ, ಬಿಡಿಸುತ್ತದೆ, ಮತ್ತೆ ಕಟ್ಟುತ್ತದೆ. ಎರಡನೆಯ ತರಗತಿಯ ಮಗುವಿಗೆ ತನ್ನ ಹೆಸರು, ಅಣ್ಣನ ಹೆಸರು, ಅಜ್ಜಿಯ ಊರಿನ ಹೆಸರು ಇವುಗಳನ್ನು ಹೀಗೆ ಕೂಡಿಸಲು ಬಿಟ್ಟರೆ ಸಾಕು, ಬಣ್ಣದ ಪಟಾಕಿ ಹಾರಿಸುವ ಕ್ರಮವಿಧಿಯ ಅಗತ್ಯವಿಲ್ಲ. ಅಕ್ಷರದ ಆಕಾರವನ್ನು ಬೆರಳಿಗೆ ಕಲಿಸಲು ಮಾತ್ರ ಸ್ಲೇಟು, ಬಳಪ, ಮರಳು ಇವುಗಳಿಗೆ ಕೀಲಿಮಣೆಯು ಸಮವಾಗದು.

ಪಟಾಕಿಯ ವಿಷಯ ಬಂದದ್ದರಿಂದ ಒಂದು ಮಾತು. ಸರಿಯುತ್ತರಕ್ಕೆ ಚಪ್ಪಾಳೆ, ತಪ್ಪುತ್ತರಕ್ಕೆ ಬಂಡೆಯ ಮೇಲಿಂದ ಬೀಳುವ ಕೋತಿ, ಹೀಗೆ ಚಿತ್ರಿಸಿದ ಕ್ರಮವಿಧಿಗಳಲ್ಲಿ ಮಕ್ಕಳು ಕೋತಿಯನ್ನು ನೋಡುವುದಕ್ಕಾಗಿ ಬೇಕೆಂದೇ ತಪ್ಪು ಉತ್ತರ ಕೊಡುತ್ತಾರೆ. ಅವರನ್ನು ದೂಷಿಸಲಾಗದು, ಕೋತಿಯೇ ಹೆಚ್ಚು ಸ್ವಾರಸ್ಯವಾಗಿದೆ.

ಆದುದರಿಂದ ಕೊಠಡಿಗೆ ಹಣ ಕೊಡುವ ಮೊದಲು, ಕ್ರಮವಿಧಿಯನ್ನು ಕೊಳ್ಳುವ ಮೊದಲು, ಮಾರುವವರ ಪ್ರದರ್ಶನವನ್ನು ಬಿಟ್ಟು ಮಕ್ಕಳ ಮುಂದೆಯೇ ಅದನ್ನು ಇರಿಸಿ ನೋಡುವುದು ಒಳ್ಳೆಯದು. ಓದಲು ಬಾರದ ಮಗು ದೊಡ್ಡವರ ನೆರವಿಲ್ಲದೆ ಅದನ್ನು ಆರಂಭಿಸಬಲ್ಲುದೇ, ಇಬ್ಬರು ಮಕ್ಕಳು ಕುಳಿತಾಗ ಅವರ ನಡುವೆ ಮಾತು ಹುಟ್ಟುತ್ತದೆಯೇ ಅಥವಾ ಒಬ್ಬನೇ ಗುಂಡಿ ಒತ್ತುತ್ತಾನೆಯೇ, ಮಗು ಒಂದೇ ತಪ್ಪನ್ನು ಐದು ಸಲ ಮಾಡಿದಾಗ ಯಂತ್ರವು ಆರನೆಯ ಸಲ ಬೇರೆ ಏನನ್ನಾದರೂ ಹೇಳುತ್ತದೆಯೇ, ವಾರದ ಕೊನೆಯಲ್ಲಿ ಉಪಾಧ್ಯಾಯರ ಕೈಗೆ ಬರುವುದು ಬರಿಯ ಅಂಕವೇ ಅಥವಾ ತಪ್ಪುಗಳ ಪಟ್ಟಿಯೂ ಬರುತ್ತದೆಯೇ ಎಂದು ಪಕ್ಕದಲ್ಲಿ ಕುಳಿತು ಗಮನಿಸಬೇಕು. ಶಾಲೆ ಬಿಟ್ಟ ಮೇಲೆ ಒಂದು ವಾರದ ಸಂಜೆಗಳು, ಒಂದು ಯಂತ್ರ, ಒಂದು ಬೆಂಚು ಇದ್ದರೆ ಈ ಪರೀಕ್ಷೆಯು ನಡೆಯುತ್ತದೆ. ಕಲಿಕೆಯಲ್ಲಿ ಹಿಂದಿರುವ ಮಕ್ಕಳನ್ನೇ ಅದಕ್ಕೆ ಮೊದಲು ಕರೆಯುವುದು ಯುಕ್ತ.